ಸಾಯುವವರಿಗೆ ಪ್ರವೇಶವಿಲ್ಲ

ಉರ್ದು ಶಾಲೆಯ ಮೆಟ್ಟಿಲು ಹತ್ತಿದವರಿಗೆ ಗ್ರೀಸ್ ಪರದೇಶವೆನಿಸುವುದಿಲ್ಲ. ಅದು ನಮ್ಮ ಮಾತಿನಲ್ಲಿ ಯೂನಾನ್. ಅರಿಸ್ಟಾಟಲ್ ನಮಗೆ ಅರಸ್ತು, ಪ್ಲೇಟೋ ಅಫ್ಲಾತೂನ್, ಹಿಪ್ಪೊಕ್ರಟಿಸ್ ಬುಖ್ರಾತ್, ಗ್ಯಾಲೆನ್ ಜಾಲೀನೂಸ್. ಮನೆಯಲ್ಲಿ ಮಗು ವಯಸ್ಸಿಗೆ ಮೀರಿದ ಮಾತಾಡಿದರೆ 'ಬಡಾ ಅಫ್ಲಾತೂನ್ ಆಯಾ' ಎಂದು ನಾನಿ ಗದರುತ್ತಿದ್ದರು. ಅವರಿಗೆ ಅಫ್ಲಾತೂನನ ಒಂದು ಸಾಲೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಮುಂದೆ ಕನ್ನಡ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಇದೇ ಮಂದಿ ಬೇರೆ ಹೆಸರಿನಲ್ಲಿ, ಬೇರೆ ಉಡುಪಿನಲ್ಲಿ ಬಂದು ನಿಂತರು. ಎರಡೂ ಒಂದೇ ಎಂದು ಹೇಳುವ ಪುರುಸೊತ್ತು ಯಾವ ಮೇಷ್ಟ್ರಿಗೂ ಇರುವುದಿಲ್ಲ.

ಊರಿನ ಹಕೀಮ್ ಸಾಹೇಬರ ದವಾಖಾನೆಯ ಬೋರ್ಡಿನ ಮೇಲಿದ್ದ 'ಯುನಾನಿ' ಎಂಬ ಪದಕ್ಕೂ 'ಗ್ರೀಸ್ ದೇಶದ್ದು' ಎಂಬುದಷ್ಟೇ ಅರ್ಥ. ಬುಖ್ರಾತ್, ಜಾಲೀನೂಸರ ವೈದ್ಯ ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅರಬ್ಬಿ ಭಾಷೆಗೆ ಬಂತು. ತಂದವರಲ್ಲಿ ಬಹಳ ದೊಡ್ಡವನಾದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ ಧರ್ಮದವನು. ಅಲ್ಲಿಂದ ಇಬ್ನ್ ಸೀನಾನ ಕೈದಾಟಿ, ಪರ್ಷಿಯಾ ದಾಟಿ, ಹಿಂದೂಸ್ತಾನಕ್ಕೆ ಬಂದು, ಇಲ್ಲಿನ ಗಿಡಮೂಲಿಕೆಗಳ ಜೊತೆ ಸಂಸಾರ ಹೂಡಿತು. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಗ್ರೀಸಿನಲ್ಲೇ ಈಗ ಯಾರೂ ಮಾಡದ ಗ್ರೀಕ್ ವೈದ್ಯವನ್ನು ಮಾಗಡಿ ರಸ್ತೆಯಲ್ಲಿ ಮಾಡುತ್ತಿದ್ದೇವೆ.

ಹೀಗಾಗಿ ಅಥೆನ್ಸಿನಲ್ಲಿ ಕೈಗೆ ಒಂದು ದಿನ ಉಳಿದಾಗ, ಎಲ್ಲರೂ ಹೇಳುವ ಡೆಲ್ಫಿಯನ್ನು ಬಿಟ್ಟು, ಎಪಿಡಾರಸ್ ಇರುವ ಪ್ರವಾಸವನ್ನು ನಾವು ಆರಿಸಿಕೊಂಡೆವು. ಅದು ವೈದ್ಯದೇವತೆ ಅಸ್ಕ್ಲೆಪಿಯಸ್‌ನ ಕ್ಷೇತ್ರ. ನಾವೆಂದರೆ ನಾಲ್ವರು: ಇಬ್ಬರು ಮೇಷ್ಟ್ರುಗಳು, ಔಷಧಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಗೆಳೆಯರು, ಕಥೆ ಬರೆಯುವ ಒಬ್ಬರು. ಒಂದು ದಿನದ ಮಾರ್ಗದರ್ಶಿತ ಪ್ರವಾಸ ಹೇಗಿರುತ್ತದೆ ಎಂಬುದನ್ನು ಬಿಜಾಪುರ, ಬಾದಾಮಿ, ಪಟ್ಟದಕಲ್ಲುಗಳನ್ನು ಒಂದೇ ಬಸ್ಸಿನಲ್ಲಿ ನೋಡಿ ಬಂದವರಿಗೆ ವಿವರಿಸಬೇಕಾಗಿಲ್ಲ. ಎದೆಗೆ ಅಂಟಿಸಿಕೊಳ್ಳಲು ಒಂದು ಬಣ್ಣದ ಚೀಟಿ, ಕಿವಿಗೆ ಸಿಕ್ಕಿಸಿಕೊಳ್ಳಲು ಒಂದು ಯಂತ್ರ, ಎಲ್ಲ ಕಡೆಯೂ 'ಇನ್ನು ಹತ್ತು ನಿಮಿಷ'. ನಮ್ಮ ಮಾರ್ಗದರ್ಶಿ ಐವತ್ತರ ಆಸುಪಾಸಿನ ಹೆಂಗಸು. ಆ ದೇಶದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಯಾರೂ ಈ ಕೆಲಸ ಮಾಡುವಂತಿಲ್ಲ, ಅದಕ್ಕೆ ತಕ್ಕ ಓದು ಅವರಿಗಿತ್ತು. ಅವರ ಬಗ್ಗೆ ನಮ್ಮದು ಯಾವ ದೂರೂ ಇಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಕೇಳದಿದ್ದುದನ್ನು ಹೇಳಲು ಅವರಿಗೆ ಸಮಯವಿರಲಿಲ್ಲ.

ಮೊದಲ ನಿಲುಗಡೆ ಅಥೆನ್ಸಿನಿಂದ ಸುಮಾರು 80 ಕಿ.ಮೀ. ದೂರದ ಕೊರಿಂಥ್ ಕಾಲುವೆ. ಎರಡು ಸಮುದ್ರಗಳ ನಡುವಿನ ನೆಲವನ್ನು ಚಾಕುವಿನಿಂದ ಸೀಳಿದಂತೆ ನೇರವಾಗಿ ಕೊರೆದ, ಆರು ಕಿಲೋಮೀಟರಿಗಿಂತ ತುಸು ಉದ್ದದ ಕಂದಕ. ಮುಗಿದದ್ದು 1893ರಲ್ಲಿ. ಆದರೆ ಅಗೆಯಲು ಮೊದಲು ಹೊರಟವನು ರೋಮಿನ ಚಕ್ರವರ್ತಿ ನೀರೋ, ಕ್ರಿ.ಶ. 67ರಲ್ಲಿ. ಆ ಕೆಲಸಕ್ಕೆಂದು ಜುದೇಯಾದ ಯುದ್ಧದಲ್ಲಿ ಸೆರೆಸಿಕ್ಕ 6,000 ಯಹೂದಿ ತರುಣರನ್ನು ಕಳಿಸಿಕೊಟ್ಟದ್ದನ್ನು ಅದೇ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಸೇತುವೆಯ ಮೇಲೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು, ನಾವೂ ತೆಗೆಸಿಕೊಂಡೆವು.

ಎಪಿಡಾರಸ್ ಎಂದರೆ ಪ್ರವಾಸಿಗರ ಮಟ್ಟಿಗೆ ಅಲ್ಲಿನ ರಂಗಮಂದಿರ. ಗುಡ್ಡದ ಇಳಿಜಾರನ್ನೇ ಕಡೆದು, ಸುಣ್ಣಕಲ್ಲಿನ 55 ಸಾಲು ಆಸನಗಳನ್ನು ಬೀಸಣಿಗೆಯಂತೆ ಹರಡಿದ್ದಾರೆ. ಕ್ರಿ.ಪೂ. ನಾಲ್ಕನೇ ಶತಮಾನದ ಕೆಲಸ. ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ನಡುವಿನ ವೃತ್ತದಲ್ಲಿ ನಾಣ್ಯ ಬೀಳಿಸಿದರೆ ತುತ್ತತುದಿಯ ಸಾಲಿಗೆ ಕೇಳುತ್ತದೆಂದು ಎಲ್ಲ ಮಾರ್ಗದರ್ಶಿಗಳೂ ಬೀಳಿಸಿ ತೋರಿಸುತ್ತಾರೆ. 2017ರಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಯಂತ್ರಗಳನ್ನಿಟ್ಟು ಅಳೆದು, ಪಿಸುಮಾತು ಮುಂದಿನ ಸಾಲುಗಳವರಿಗಷ್ಟೇ ಅರ್ಥವಾಗುತ್ತದೆ, ಮೇಲಿನವರಿಗೆ ಕೇಳಬೇಕಾದರೆ ನಟ ದನಿ ಎತ್ತಲೇಬೇಕು ಎಂದರು. ಹಾಗೆಂದು ರಂಗಮಂದಿರದ ಚೆಲುವಿಗೆ ಕುಂದೇನೂ ಬರಲಿಲ್ಲ. ಅಷ್ಟು ಜನ ಒಬ್ಬರ ಭುಜ ಒಬ್ಬರಿಗೆ ತಾಗಿಸಿಕೊಂಡು ಕೂತು ಒಂದೇ ದುಃಖವನ್ನು ನೋಡುವುದಕ್ಕೆಂದೇ ಗುಡ್ಡ ಕಡೆದರಲ್ಲ, ನಮಗೆ ಅದೇ ಹೆಚ್ಚಿನ ಅಚ್ಚರಿ.

ಬಸ್ಸಿನವರು ಬಹುಪಾಲು ಅಲ್ಲೇ ಉಳಿದರು. ನಾವು ಕೆಳಗಿನ ಪಾಳುನೆಲಕ್ಕೆ ಇಳಿದೆವು. ಕ್ಷೇತ್ರದ ಜೀವಾಳ ಇದ್ದದ್ದು ಅಲ್ಲಿ. ರಂಗಮಂದಿರವೂ, ಕ್ರೀಡಾಂಗಣವೂ, ನೂರಾರು ಜನ ತಂಗುವ ಛತ್ರವೂ ಈ ಒಂದು ಕೆಲಸದ ಸುತ್ತ ಬೆಳೆದವು: ರೋಗಿ ಬಂದು, ಸ್ನಾನ ಮಾಡಿ, ಕಾಣಿಕೆ ಅರ್ಪಿಸಿ, 'ಅಬಾಟನ್' ಎಂಬ ಉದ್ದನೆಯ ಪಡಸಾಲೆಯಲ್ಲಿ ರಾತ್ರಿ ಮಲಗುವುದು. ನಿದ್ದೆಯಲ್ಲಿ ದೇವರು ಬಂದು ವಾಸಿ ಮಾಡುತ್ತಾನೆ, ಇಲ್ಲವೆ ಏನು ಮಾಡಬೇಕೆಂದು ಹೇಳಿ ಹೋಗುತ್ತಾನೆ. ದರ್ಗಾದ ಅಂಗಳದಲ್ಲಿ ಜಮಖಾನೆ ಹಾಸಿ ರೋಗಿಯನ್ನು ಮಲಗಿಸಿಕೊಂಡು ಕಾಯುವ ಕುಟುಂಬಗಳನ್ನು ಕಂಡಿರುವ ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ನಂಬಿಕೆಯ ಸರಿತಪ್ಪು ಬೇರೆ ಮಾತು. ಆ ಕಾಯುವಿಕೆಯ ಮುಖ ಎಲ್ಲ ಕಡೆಯೂ ಒಂದೇ.

ವಾಸಿಯಾದವರ ಕಥೆಗಳನ್ನು ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸುತ್ತಿದ್ದರು. ಕ್ರಿ.ಶ. ಎರಡನೇ ಶತಮಾನದಲ್ಲಿ ಗ್ರೀಸನ್ನೆಲ್ಲ ತಿರುಗಿ ವಿವರವಾಗಿ ಬರೆದ ಪೌಸೇನಿಯಸ್ ಎಂಬ ಪ್ರಯಾಣಿಕ, ತಾನು ಹೋದಾಗ ಅಂಥ ಆರು ಕಲ್ಲುಗಳು ಉಳಿದಿದ್ದವು ಎನ್ನುತ್ತಾನೆ. ಅವುಗಳಲ್ಲಿ ಕೆಲವು 1881ರಿಂದ ಪನಾಯಿಸ್ ಕವ್ವಾದಿಯಾಸ್ ನಡೆಸಿದ ಉತ್ಖನನದಲ್ಲಿ ಸಿಕ್ಕವು. ಸುಮಾರು ಎಪ್ಪತ್ತು ಕಥೆಗಳು ಓದಲು ಬರುತ್ತವೆ. ಕಥೆ ಬರೆಯುವವರಿಗೆ ಅವು ಹಬ್ಬ. ಅಥೆನ್ಸಿನ ಒಕ್ಕಣ್ಣಿನ ಹೆಂಗಸೊಬ್ಬಳು ಕುಂಟರು, ಕುರುಡರು ಬರಿಯ ಕನಸು ಕಂಡು ವಾಸಿಯಾಗುವುದುಂಟೇ ಎಂದು ನಗುತ್ತಾಳೆ. ದೇವರು ಕಣ್ಣು ಕೊಡುತ್ತಾನೆ, ಆದರೆ ಅವಳ ಅಜ್ಞಾನದ ನೆನಪಿಗೆ ಬೆಳ್ಳಿಯ ಹಂದಿಯೊಂದನ್ನು ಗುಡಿಗೆ ಕೊಡಬೇಕೆಂದು ತಾಕೀತು ಮಾಡುತ್ತಾನೆ. ಮೂತ್ರದ ಕಲ್ಲಿನಿಂದ ನರಳುವ ಹುಡುಗನ ಕನಸಿಗೆ ಬಂದು, ವಾಸಿ ಮಾಡಿದರೆ ಏನು ಕೊಡುತ್ತೀಯೆಂದು ಕೇಳುತ್ತಾನೆ. ತಾನು ಆಡುವ ಹತ್ತು ದಾಳಗಳನ್ನು ಕೊಡುತ್ತೇನೆಂದು ಹುಡುಗ. ದೇವರು ನಕ್ಕು ವಾಸಿ ಮಾಡುತ್ತಾನೆ.

ಸಾಲಿನಲ್ಲಿ ಮೊದಲನೆಯದು ಕ್ಲಿಯೋ ಎಂಬವಳ ಕಥೆ. ಐದು ವರ್ಷದಿಂದ ಬಸುರಿ. ಪಡಸಾಲೆಯಲ್ಲಿ ಮಲಗಿ ಎದ್ದಳು. ಕ್ಷೇತ್ರದ ಎಲ್ಲೆ ದಾಟಿ ಹೊರಗೆ ಬಂದೊಡನೆ ಗಂಡುಮಗು ಹೆತ್ತಳು. ಮಗು ಹುಟ್ಟಿದ್ದೇ ತಡ, ತಾನೇ ಹೋಗಿ ಚಿಲುಮೆಯಲ್ಲಿ ಮೈ ತೊಳೆದುಕೊಂಡು ತಾಯಿಯ ಜೊತೆ ನಡೆಯತೊಡಗಿತು. ಕೇಳಿದವರು ಐದು ವರ್ಷದ ಗರ್ಭವೆಂದಾಗ, ನಡೆಯುವ ಕೂಸೆಂದಾಗ ನಗುತ್ತಾರೆ. ನಾವು ಗಟ್ಟಿಯಾಗಿ ಹಿಡಿದುಕೊಂಡದ್ದು 'ಹೊರಗೆ ಬಂದೊಡನೆ' ಎಂಬುದನ್ನು. ಐದು ವರ್ಷ ಹೊತ್ತವಳು ಪವಾಡದ ಆ ಗಳಿಗೆಯಲ್ಲೂ ಎದ್ದು ಎಲ್ಲೆಯ ತನಕ ನಡೆಯಬೇಕಾಯಿತು. ಏಕೆಂದರೆ ಒಳಗೆ ಹೆರುವಂತಿರಲಿಲ್ಲ.

ಇದನ್ನು ಪೌಸೇನಿಯಸ್ ಸ್ಪಷ್ಟವಾಗಿಯೇ ಹೇಳುತ್ತಾನೆ. ಕ್ಷೇತ್ರದ ಸುತ್ತ ನಾಲ್ಕೂ ದಿಕ್ಕಿಗೆ ಗಡಿಕಲ್ಲು ನೆಟ್ಟಿದ್ದರು. ಅದರೊಳಗೆ ಯಾರೂ ಸಾಯುವಂತಿಲ್ಲ, ಯಾರೂ ಹೆರುವಂತಿಲ್ಲ. ಡೆಲೋಸ್ ದ್ವೀಪದಲ್ಲೂ ಇದೇ ಕಟ್ಟಳೆ. ಅಲ್ಲಿಯಂತೂ ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ದ್ವೀಪದ ಎಲ್ಲ ಗೋರಿಗಳನ್ನೂ ಅಗೆದು ತೆಗೆದು, ದಿನ ತುಂಬಿದವರನ್ನೂ ದಿನ ಮುಗಿದವರನ್ನೂ ದೋಣಿಯಲ್ಲಿ ಎದುರಿನ ದ್ವೀಪಕ್ಕೆ ಸಾಗಿಸಬೇಕೆಂದು ವಿಧಿಸಿದರು. ಗುಣವಾಗಲೆಂದೇ ಜನ ಹುಡುಕಿಕೊಂಡು ಬರುವ ಎಪಿಡಾರಸ್‌ನಲ್ಲಿ ಈ ಕಟ್ಟಳೆ ಇದ್ದುದರ ಅರ್ಥವೇನಾಯಿತು? ದೂರದೂರದಿಂದ ಮಂಚದ ಮೇಲೆ ಹೊತ್ತು ತಂದ ರೋಗಿಗೆ ಉಸಿರು ಸಿಕ್ಕಿಕೊಂಡರೆ ಅವನನ್ನು ಮತ್ತೆ ಹೊತ್ತು ಕಲ್ಲಿನ ಆಚೆ ಮಲಗಿಸಿ ಬರಬೇಕು. ಮಳೆ, ಚಳಿ, ಬಿಸಿಲು ಏನಿದ್ದರೂ ಸರಿ. ಕೊನೆಗೆ, ಪೌಸೇನಿಯಸ್‌ನ ಕಾಲಕ್ಕೆ, ಅಂಟೋನಿನಸ್ ಎಂಬ ರೋಮನ್ ಸೆನೆಟರ್ ಇದನ್ನು ನೋಡಲಾರದೆ ಸಾಯುವವರಿಗೂ ಹೆರುವವರಿಗೂ ಒಂದು ಮನೆ ಕಟ್ಟಿಸಿದ. ಕ್ಲಿಯೋಳ ಕಲ್ಲಿಗೂ ಆ ಮನೆಗೂ ನಡುವೆ ಸುಮಾರು ಐನೂರು ವರ್ಷ.

ಇದನ್ನು ಬರೆಯುವಾಗ ಬೀಗುವ ಹಕ್ಕು ನಮಗಿಲ್ಲ. ಸೂತಕ, ಮೈಲಿಗೆ ಎಂಬ ಪದಗಳನ್ನು ಕನ್ನಡಿಗರಿಗೆ ಯಾರೂ ಅರ್ಥ ಮಾಡಿಸಬೇಕಾಗಿಲ್ಲ. ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿ, ಮಳೆಚಳಿಗೆ ಕೂಸು ತೀರಿಕೊಂಡ ಸುದ್ದಿ 2023ರ ಜುಲೈಯಲ್ಲಿ ತುಮಕೂರು ಜಿಲ್ಲೆಯ ಹಟ್ಟಿಯೊಂದರಿಂದಲೇ ಬಂತು. ಮುಸ್ಲಿಮರ ಮನೆಗಳಲ್ಲೂ ನಲವತ್ತು ದಿನದ ಲೆಕ್ಕವಿದೆ. ಅದಕ್ಕೆ ಧರ್ಮ ಎಷ್ಟು ಕಾರಣ, ಅಜ್ಜಿಯರ ಭಯ ಎಷ್ಟು ಕಾರಣ ಎಂದು ಬಿಡಿಸಿ ನೋಡುವವರು ಕಡಿಮೆ.

ನಾವು ಕೇಳಬೇಕೆಂದುಕೊಂಡದ್ದು ಮಡಿಮೈಲಿಗೆಯ ಪ್ರಶ್ನೆಯನ್ನಲ್ಲ. ಬದುಕುವವರನ್ನು ಮಾತ್ರ ಒಳಗೆ ಇರಿಸಿಕೊಳ್ಳುವ ಕರುಣೆಯನ್ನು ಕರುಣೆ ಎನ್ನಬಹುದೇ?

ಪಡಸಾಲೆಯ ಬುಡಗಲ್ಲಿನ ಮೇಲೆ ಕೂತು ಇದೇ ಮಾತು ಬಂದಾಗ ಔಷಧಿ ಅಂಗಡಿಯ ಗೆಳೆಯರು ಅಸ್ಕ್ಲೆಪಿಯಸ್‌ನ ವಕಾಲತ್ತು ವಹಿಸಿದರು. "ಸಾಹೇಬ್ರೇ, ರೋಗಿಗೆ ಔಷಧಿಗಿಂತ ಮೊದಲು ಬೇಕಾಗೋದು ಧೈರ್ಯ. ಪಕ್ಕದ ಹಾಸಿಗೇಲಿ ಹೆಣ ನೋಡಿದವನಿಗೆ ರಾತ್ರಿ ದೇವರು ಎಲ್ಲಿಂದ ಕನಸಿಗೆ ಬರಬೇಕು?" ಎಂದರು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಿಪ್ಪೊಕ್ರಟಿಸನ ಹೆಸರಿನಲ್ಲಿ ಉಳಿದುಬಂದ ಗ್ರಂಥಗಳಲ್ಲೇ, ಕಾಯಿಲೆ ಪೂರ್ತಿ ಗೆದ್ದುಬಿಟ್ಟಿರುವ ರೋಗಿಗೆ ವೈದ್ಯ ಕೈಹಾಕಬಾರದು, ಅದು ವೈದ್ಯದ ಎಲ್ಲೆಯನ್ನು ಅರಿಯದವರ ಕೆಲಸ ಎಂಬ ವಾದವಿದೆ. ಅದು ಒಂದು ಬಗೆಯ ಪ್ರಾಮಾಣಿಕತೆ. ಆಗದ್ದನ್ನು ಆಗುತ್ತದೆಂದು ಹೇಳಿ ಮನೆಮಠ ಮಾರಿಸುವವನಿಗಿಂತ, ನನ್ನಿಂದ ಆಗದು ಎನ್ನುವವನು ಎಷ್ಟೋ ಮೇಲು. ಅಸ್ಕ್ಲೆಪಿಯಸ್‌ನ ಪುರಾಣವೂ ಇದನ್ನೇ ಹೇಳುತ್ತದೆ. ಸತ್ತವನೊಬ್ಬನನ್ನು ಎಬ್ಬಿಸಿದ್ದಕ್ಕೇ ಸ್ಯೂಸ್ ಅವನನ್ನು ಸಿಡಿಲು ಹೊಡೆದು ಕೊಂದದ್ದು. ಸಾವಿನ ಗಡಿ ದಾಟಿ ಪೆಟ್ಟು ತಿಂದ ವೈದ್ಯನ ಗುಡಿಗೆ ಸಾವಿನ ಭಯವಿರುವುದು ಸಹಜವೇ.

ಆದರೆ 'ವಾಸಿಮಾಡಲಾರೆ' ಎನ್ನುವುದು ಬೇರೆ, 'ಇಲ್ಲಿ ಸಾಯಬೇಡ' ಎನ್ನುವುದು ಬೇರೆ. ಒಂದು ತನ್ನ ಶಕ್ತಿಯ ಎಲ್ಲೆ ಹೇಳುತ್ತದೆ, ಇನ್ನೊಂದು ತನ್ನ ಹೆಸರಿನ ಎಲ್ಲೆ ಕಾಯುತ್ತದೆ. ಆ ಎಪ್ಪತ್ತು ಕಥೆಗಳನ್ನು ಮತ್ತೊಮ್ಮೆ ನೋಡಿ. ಅಲ್ಲಿ ಸೋಲೇ ಇಲ್ಲ. ಮಲಗಿ ಎದ್ದರೂ ವಾಸಿಯಾಗದೆ ಹಾಗೆಯೇ ಊರಿಗೆ ಮರಳಿದವರಿಗೆ ಕಲ್ಲು ಯಾರು ಕೆತ್ತಿಸುತ್ತಾರೆ? ಸೋತವರ ಲೆಕ್ಕವಿಲ್ಲ, ಸತ್ತವರು ಕ್ಷೇತ್ರದಲ್ಲಿ ಸಾಯಲೇ ಇಲ್ಲ. ಇಷ್ಟು ಚೊಕ್ಕಟವಾದ ದಾಖಲೆ ಇಟ್ಟ ಆಸ್ಪತ್ರೆ ಬೇರೆಲ್ಲಿದೆ ಎಂದು ಮೇಷ್ಟ್ರೊಬ್ಬರು ಕೇಳಿದರು.

ಬೇರೆಲ್ಲೂ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ನಮ್ಮ ಖಾಲಾ ಒಬ್ಬರನ್ನು ಕೆಲವು ವರ್ಷಗಳ ಹಿಂದೆ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಹನ್ನೊಂದನೆಯ ದಿನ ಕರೆದು, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಮಕ್ಕಳ ನಡುವೆ ಇರಲಿ ಎಂದರು. ದನಿಯಲ್ಲಿ ಕರುಣೆಯೇ ಇತ್ತು. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಮಾತ್ರ 'ಸಂಬಂಧಿಕರ ಕೋರಿಕೆಯ ಮೇರೆಗೆ' ಎಂದಿತ್ತು. ಊರು ಇನ್ನೂ ನಲವತ್ತು ಕಿ.ಮೀ. ಇರುವಾಗ ಆಂಬುಲೆನ್ಸಿನಲ್ಲೇ ಉಸಿರು ನಿಂತಿತು. ಆಸ್ಪತ್ರೆಯ ಕಡತದಲ್ಲಿ ಸಾವು ದಾಖಲಾಗಲಿಲ್ಲ, ಡಿಸ್ಚಾರ್ಜ್ ದಾಖಲಾಯಿತು. ಮನೆಯಲ್ಲೇ ಕಣ್ಣುಮುಚ್ಚಬೇಕೆಂದು ಬಯಸುವವರು ಬಹಳ ಇದ್ದಾರೆ, ಅದು ಅವರ ಹಕ್ಕು. ಖಾಲಾರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಗಡಿಕಲ್ಲು ಈಗ ಕಾಗದದ ಮೇಲೆ ಬಂದಿದೆ, ಅಷ್ಟೇ.

ಇಲ್ಲಿ ಮುಸ್ಲಿಂ ಓದುಗರಿಗೆ ಒಂದು ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರ ಅದು. ಗಂಡಸು, ಹೆಂಗಸು, ಉಳ್ಳವರು, ಇಲ್ಲದವರು, ಊರವರು, ಪರದೇಶಿಗಳು ಎಲ್ಲರಿಗೂ ಬಾಗಿಲು ತೆರೆದಿರಬೇಕು, ಅಲ್ಲೇ ತೀರಿಕೊಂಡರೆ ಗುಸಲ್, ಕಫನ್, ದಫನದ ಖರ್ಚು ವಕ್ಫಿನದು ಎಂದು ಅದರಲ್ಲಿದೆ. ಆಸ್ಪತ್ರೆಯ ಆಯವ್ಯಯದಲ್ಲಿ ಕಫನಿನ ಬಟ್ಟೆಗೂ ಒಂದು ಸಾಲು ಇರಿಸಿದ ಕಲ್ಪನೆ ದೊಡ್ಡದು. ಸಾವು ಬರುತ್ತದೆಂದು ಒಪ್ಪಿಕೊಂಡೇ ಬಾಗಿಲು ತೆರೆದ ಮನೆಯದು. ಕಟ್ಟಿಸಿದವನೂ ಒಂದು ಕಾಲದಲ್ಲಿ ಗುಲಾಮನಾಗಿ ಮಾರಾಟಗೊಂಡವನು ಎಂಬುದನ್ನು ನೆನೆದರೆ ಆ ಸಾಲಿನ ತೂಕ ಇನ್ನೂ ಹೆಚ್ಚುತ್ತದೆ.

ಹಾಗೆಂದು 'ಅವರದು ಹಾಗೆ, ನಮ್ಮದು ಹೀಗೆ' ಎಂದು ಎದೆಯುಬ್ಬಿಸಿಕೊಂಡು ಬರುವುದಾದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಮೊದಲನೆಯದಾಗಿ, ಆ ತಿರುವನ್ನು ಗ್ರೀಕ್ ಲೋಕವೇ ಕಲಾವೂನನಿಗಿಂತ ಒಂಬತ್ತು ಶತಮಾನ ಮೊದಲು ಪಡೆದಿತ್ತು. ಸುಮಾರು 370ರಲ್ಲಿ, ಈಗ ತುರ್ಕಿಯಲ್ಲಿರುವ ಕೈಸೇರಿಯಲ್ಲಿ, ಬೆಸಿಲ್ ಎಂಬ ಗ್ರೀಕ್ ನುಡಿಯ ಬಿಷಪ್ ಬಡವರಿಗೂ ಕುಷ್ಠರೋಗಿಗಳಿಗೂ ಆಸರೆ ಕಟ್ಟಿಸಿದ್ದ. ಎರಡನೆಯದಾಗಿ, ವಕ್ಫ್ ಪತ್ರವನ್ನೂ ಕೊಡುವವನೇ ಬರೆಯಿಸಿದ. ಎಪಿಡಾರಸ್‌ನ ಕಲ್ಲುಗಳನ್ನು ಗುಡಿಯವರೇ ನಿಲ್ಲಿಸಿದಂತೆ. ಕೈರೋದ ಹಾಸಿಗೆಯಲ್ಲಿ ಮಲಗಿದವರ ಮಾತೇನಿತ್ತೆಂಬುದನ್ನು ಪತ್ರದಿಂದ ತಿಳಿಯಲಾಗದು. ಪತ್ರದಲ್ಲಿ ಬರೆದದ್ದಕ್ಕೂ ನೆಲದ ಮೇಲೆ ನಡೆಯುವುದಕ್ಕೂ ಇರುವ ದೂರವನ್ನು ನಮ್ಮ ರಾಜ್ಯದ ವಕ್ಫ್ ಆಸ್ತಿಗಳ ಹಣೆಬರಹ ಬಲ್ಲವರಿಗೆ ಹೇಳಬೇಕಾಗಿಲ್ಲ.

ಇಷ್ಟು ಹೊತ್ತಿಗೆ ಕಿವಿಯ ಯಂತ್ರದಲ್ಲಿ ಕರೆ ಬಂತು. ಬಸ್ಸು ನಾಫ್‌ಪ್ಲಿಯೋ ಎಂಬ ಕಡಲತೀರದ ಊರಿಗೆ ಹೊರಟಿತು. 1834ರವರೆಗೆ ಸ್ವತಂತ್ರ ಗ್ರೀಸಿನ ರಾಜಧಾನಿಯಾಗಿದ್ದ ಚೆಂದದ ಊರು. ಅಲ್ಲಿ ಕಾರ್ಯಕ್ರಮವೆಂದರೆ ಐಸ್‌ಕ್ರೀಮು. ಚೌಕದ ಹತ್ತಿರ ಗುಮ್ಮಟದ ದೊಡ್ಡ ಕಟ್ಟಡವೊಂದನ್ನು ತೋರಿಸಿ, ಗ್ರೀಕರ ಮೊದಲ ಸಂಸತ್ತು 1825–26ರಲ್ಲಿ ಕೂಡಿದ್ದು ಇಲ್ಲೇ ಎಂದರು ಮಾರ್ಗದರ್ಶಿ. ಗುಮ್ಮಟ ನೋಡಿದರೆ ಯಾರಿಗಾದರೂ ತಿಳಿಯುತ್ತದೆ, ಅದು ಮಸೀದಿ. ಚೌಕದಲ್ಲೇ ಇರುವ ಇನ್ನೊಂದು ಹಳೆಯ ಮಸೀದಿ ಶಾಲೆಯಾಗಿ, ಸಿನಿಮಾ ಮಂದಿರವಾಗಿ ಬಾಳಿದೆ. ನಮಾಜು ಮಾಡುತ್ತಿದ್ದವರು ಏನಾದರು ಎಂದು ಕೇಳಿದ್ದಕ್ಕೆ ಅವರು ತುಸು ತಡೆದು, "ಹೋದರು" ಎಂದರು. ಆ ಕಾಲದಲ್ಲಿ 'ಹೋದರು' ಎಂಬ ಪದಕ್ಕೆ ಎರಡೂ ಅರ್ಥವಿತ್ತು. 1821ರಲ್ಲಿ ಟ್ರಿಪೊಲಿಟ್ಸಾದಲ್ಲಿ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. 1822ರಲ್ಲಿ ಕಿಯೋಸ್ ದ್ವೀಪದಲ್ಲಿ ಉಸ್ಮಾನಿ ಪಡೆ ಗ್ರೀಕರನ್ನು ಕೊಂದು, ಉಳಿದವರನ್ನು ಗುಲಾಮರಾಗಿ ಮಾರಿತು. ಯಾರು ಯಾರ ಮೇಲೆ ಎಷ್ಟು ಎಂದು ತಕ್ಕಡಿ ಹಿಡಿಯುವುದು ನಮಗೆ ಬೇಡ. ನೂರು ವರ್ಷ ಕಳೆದ ಮೇಲೆ, 1923ರ ಜನವರಿಯಲ್ಲಿ, ಎರಡು ಸರ್ಕಾರಗಳು ಲೋಸಾನ್ ನಗರದಲ್ಲಿ ಕೂತು ಜನರನ್ನೇ ಅದಲುಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಅಳತೆಗೋಲು ಭಾಷೆಯಲ್ಲ, ಧರ್ಮ. ಗ್ರೀಕ್ ಬಿಟ್ಟರೆ ಬೇರೆ ಮಾತು ಬಾರದ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ, ತುರ್ಕಿ ಭಾಷೆಯಲ್ಲೇ ದೇವರನ್ನು ಬೇಡುತ್ತಿದ್ದ ಅನಾತೋಲಿಯಾದ ಕ್ರೈಸ್ತರು ಗ್ರೀಸಿಗೆ. ತಮ್ಮ ನೆಲವನ್ನು ಶುದ್ಧ ಮಾಡಿಕೊಳ್ಳುವ ಡೆಲೋಸ್‌ನ ಹಳೆಯ ಆಸೆ ಈ ಬಾರಿ ಹದಿನೈದು ಲಕ್ಷದಷ್ಟು ಜನರನ್ನು ದೋಣಿ ಹತ್ತಿಸಿತು.

ಸಂಜೆ ಮೈಸೀನಿ. ಬೋಳು ಗುಡ್ಡ, ಅದರ ಸುತ್ತ ರಾಕ್ಷಸರೇ ಪೇರಿಸಿದಂಥ ಕಲ್ಲಿನ ಗೋಡೆ, ತಲೆಯಿಲ್ಲದ ಎರಡು ಸಿಂಹಗಳ ಹೆಬ್ಬಾಗಿಲು. ದಾಟಿದೊಡನೆ ಬಲಕ್ಕೆ ವೃತ್ತಾಕಾರದ ಗೋರಿಗಳು. 1876ರಲ್ಲಿ ಹೈನ್ರಿಕ್ ಶ್ಲೀಮನ್ ಅಗೆದು ಚಿನ್ನದ ರಾಶಿಯನ್ನೇ ತೆಗೆದದ್ದು ಇಲ್ಲಿಂದ. ಅವನು ಅಗಮೆಮ್ನಾನನದೆಂದು ತಿಳಿದ ಚಿನ್ನದ ಮುಖವಾಡ, ಟ್ರಾಯ್ ಯುದ್ಧ ನಡೆದಿದೆ ಎನ್ನುವ ಕಾಲಕ್ಕಿಂತ ಮುನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ಅದಿರಲಿ. ಮೂರನೆಯ ಗೋರಿಯಲ್ಲಿ ಮೂವರು ಹೆಂಗಸರ ಜೊತೆ ಎರಡು ಹಸುಳೆಗಳಿದ್ದವು. ಮೈತುಂಬ ತೆಳುವಾದ ಚಿನ್ನದ ತಗಡು ಹೊದಿಸಿದ್ದರು. ಆ ಪುಟ್ಟ ಕೈಕಾಲಿನ ಅಳತೆಯ ತಗಡು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಹಿಂದಿನ ದಿನ ಅದನ್ನು ನೋಡಿದ್ದ ನಮಗೆ ಅದು ಬಂದ ಕುಳಿಯೆದುರು ನಿಂತಾಗ, ಹೆತ್ತವರ ಸಂಕಟಕ್ಕೆ ಅರಮನೆ, ಗುಡಿಸಲು ಎಂಬ ಭೇದವಿಲ್ಲ ಎನಿಸಿತು.

ಆದರೆ ಮಾರ್ಗದರ್ಶಿ ಇಲ್ಲಿ ಒಂದು ಮಾತು ಹೇಳಿದರು. ಆ ಗೋರಿಗಳು ಕ್ರಿ.ಪೂ. ಹದಿನಾರನೇ ಶತಮಾನದವು, ಮೊದಲು ಕೋಟೆಗೋಡೆಯ ಹೊರಗೇ ಇದ್ದವು. ಮೂರು ಶತಮಾನದ ನಂತರದ ಅರಸರು ಕೋಟೆಯನ್ನು ಹಿಗ್ಗಿಸಿದಾಗ, ಗೋಡೆಯನ್ನು ಬಳಸಿ ತಿರುಗಿಸಿ ಆ ಹಳೆಯ ಗೋರಿಗಳನ್ನು ಒಳಗೆ ತೆಗೆದುಕೊಂಡರು. ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿ ಮರ್ಯಾದೆ ಮಾಡಿದರು. ಬೆಳಗ್ಗೆ ಎಪಿಡಾರಸ್‌ನಲ್ಲಿ ಉಸಿರಾಡುವ ಮನುಷ್ಯರನ್ನು ಗಡಿಯಾಚೆ ಇಡುವುದನ್ನು ಓದಿದ್ದೆವು. ಇಲ್ಲಿ ಮುನ್ನೂರು ವರ್ಷದ ಹಿಂದೆ ಸತ್ತವರನ್ನು ಒಳಗೆ ತರಲು ಗೋಡೆಯೇ ಸರಿದು ನಿಂತಿತ್ತು. ಅಂದಮೇಲೆ ಸಾವು ಮೈಲಿಗೆ ಎಂಬುದು ಪೂರ್ತಿ ಮಾತಲ್ಲ. ಯಾರ ಸಾವು ಎಂದು ಕೇಳಿಕೊಂಡೇ ಕಲ್ಲು ನೆಡುತ್ತಾರೆ, ಕಲ್ಲು ಕೀಳುತ್ತಾರೆ.

ಈ ಅರಸರ ಕಾಲದ ಬರಹವೂ ಸಿಕ್ಕಿದೆ. ಜೇಡಿಮಣ್ಣಿನ ಹಲಗೆಗಳ ಮೇಲೆ ಗೀಚಿದ ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದಾಗ ಒಳಗಿದ್ದದ್ದು ಕಾವ್ಯವಲ್ಲ, ಉಗ್ರಾಣದ ಲೆಕ್ಕ. ಇದೇ ಪರ್ಯಾಯ ದ್ವೀಪದ ಪಿಲೋಸ್ ಅರಮನೆಯ ಹಲಗೆಗಳಲ್ಲಿ ನೂಲುವ, ನೇಯುವ, ಧಾನ್ಯ ಬೀಸುವ ನೂರಾರು ಹೆಂಗಸರೂ ಅವರ ಮಕ್ಕಳೂ ಇದ್ದಾರೆ. ಹೆಸರು ಹಿಡಿದಲ್ಲ, ಎಣಿಕೆಯಲ್ಲಿ. ಮಿಲೇಟಸ್‌ನವರು ಇಷ್ಟು, ಕ್ನೈಡಸ್‌ನವರು ಇಷ್ಟು ಎಂದು ಕಡಲಾಚೆಯಿಂದ ತಂದವರ ಊರು ಬರೆದು, ಮುಂದೆ ಗೋಧಿ ಇಷ್ಟು, ಅಂಜೂರ ಇಷ್ಟು. ಆ ಹಸಿಮಣ್ಣಿನ ಹಲಗೆಗಳನ್ನು ಯಾರೂ ಕಾಪಿಡಲೆಂದು ಮಾಡಿರಲಿಲ್ಲ. ಅರಮನೆಗೆ ಬೆಂಕಿ ಬಿದ್ದಾಗ ಅವು ಸುಟ್ಟು ಇಟ್ಟಿಗೆಯಂತೆ ಗಟ್ಟಿಯಾಗಿ ಉಳಿದುಕೊಂಡವು. ಅರಸರು ತಾವು ಬಯಸಿ ನಿಲ್ಲಿಸಿದ ಕಲ್ಲುಗಳಲ್ಲಿ ಸಿಗದ ಹೆಂಗಸರು ಅರಸರ ಮನೆ ಸುಟ್ಟಿದ್ದರಿಂದ ನಮಗೆ ಸಿಕ್ಕಿದರು. 2020ರ ಆಗಸ್ಟ್ ಕೊನೆಯಲ್ಲಿ ಮೈಸೀನಿಯ ಒಣಹುಲ್ಲಿಗೂ ಕಾಡ್ಗಿಚ್ಚು ತಗುಲಿ ಪ್ರವಾಸಿಗರನ್ನು ಹೊರಗೆ ಕಳಿಸಬೇಕಾಯಿತು, ಗೋಡೆಗಳಿಗೆ ಏನೂ ಆಗಲಿಲ್ಲ ಎಂದು ಮಾರ್ಗದರ್ಶಿ ನೆನೆಸಿಕೊಂಡರು.

ಔಷಧಿ ಅಂಗಡಿಯ ಗೆಳೆಯರು ದಿನವಿಡೀ ದೇವರ ಪರ ವಾದಿಸಿದವರು. ಇಳಿಯುವಾಗ ಅವರೇ ಕೇಳಿದರು: "ಅಮ್ಮಾ, ಅಂಜೂರ ತಿಂದು ನೂಲು ತೆಗೀತಿದ್ದರಲ್ಲ, ಅಂಥವರು ಇಲ್ಲಿ ಸತ್ತರೆ ಎಲ್ಲಿ 'ಮಣ್ಣು' ಮಾಡ್ತಿದ್ದರು?" ನಮ್ಮಲ್ಲೊಬ್ಬರು ಅದನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಾರ್ಗದರ್ಶಿ ಗಡಿಯಾರ ನೋಡಿಕೊಂಡರು. ನಂತರ ಕೋಟೆಯ ಹೊರಗೆ, ಆಲಿವ್ ತೋಪುಗಳಾಚೆಯ ಇಳಿಜಾರುಗಳತ್ತ ಕೈ ಚಾಚಿ, ಬಂಡೆ ಕೊರೆದು ಮಾಡಿದ ಗೋರಿಗಳು ಅಲ್ಲೆಲ್ಲ ಇವೆ, ಆದರೆ ಅವು ತಲೆಮಾರುಗಳ ಕಾಲ ತಮ್ಮವರನ್ನು ಒಂದೇ ಕಡೆ ಹೂಳಲು ಅನುಕೂಲವಿದ್ದ ಕುಟುಂಬಗಳವು, ನೀವು ಕೇಳುವ ಹೆಂಗಸರದಲ್ಲ ಎಂದರು. ತಾವು ಇಪ್ಪತ್ತು ವರ್ಷದಿಂದ ಬಸ್ಸು ತರುತ್ತಿರುವುದಾಗಿಯೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದೂ ಸೇರಿಸಿದರು. ಹೊರಡಲು ಇನ್ನೂ ಕಾಲು ಗಂಟೆಯಿತ್ತು. ಉಳಿದವರು ಅಂಗಡಿಯಲ್ಲಿ ಮುಖವಾಡ ಕೊಳ್ಳುತ್ತಿದ್ದರು. ನಾವು ನಾಲ್ವರು, ನಮ್ಮ ಜೊತೆ ಅವರೂ, ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಆ ಇಳಿಜಾರಿನ ಕಡೆಗೆ ಸ್ವಲ್ಪ ದೂರ ನಡೆದೆವು.